ಹಾಲು ಒಡೆಯುವುದು ಯಾಕೆ?

ಬ್ಯಾಸಿಗೆ ಬಂತೆಂದರೆ ನಮ್ಮ ಹೂವಿನಹಡಗಲಿ ಕಡೆ ಮುಂಜಾನೆ ಕರೆದ ಹಾಲನ್ನು ಕಾಸದೆ ಇಟ್ಟರೆ ಮಧ್ಯಾಹ್ನ ಒಲೆ ಮೇಲೆ ಒಡೆದೇ ಹೋಗುತ್ತದೆ. ಹೋದ ವಾರ ನಮ್ಮನೆಯಲ್ಲೂ ಹಂಗೇ ಆಯಿತು. ಪಾತ್ರೆ ನೆಟ್ಟಗೆ ತೊಳೆದಿಲ್ಲ ಅಂತ ಅವ್ವ ನನಗೇ ಬೈದಳು. ಅದಕ್ಕೆ ವಿಜ್ಞಾನದ ಗುರುಗಳನ್ನು ಕೇಳಿದೆ.

ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಇದೆ. ಆಕಳ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಇದೇ. ಇದರ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಋಣ ಋಣವನ್ನು ದೂಡುತ್ತದೆ. ಆದ್ದರಿಂದ ಕಣಗಳು ಒಂದಕ್ಕೊಂದು ಅಂಟದೆ ಹಾಲಿನಲ್ಲಿ ತೇಲಾಡುತ್ತವೆ.

ತಾಜಾ ಹಾಲಿನ ಪಿ.ಎಚ್. ಸುಮಾರು 6.6. ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಆಮ್ಲದಿಂದ ಧನ ವಿದ್ಯುದಂಶ ಬಂದು ಸೇರಿದಂತೆ ಋಣ ತಗ್ಗುತ್ತದೆ. ಪಿ.ಎಚ್. 4.6ಕ್ಕೆ ಇಳಿದಾಗ ಎರಡೂ ಸಮ! ಇದೇ ಕೇಸಿನ್ನಿನ ಸಮವಿದ್ಯುತ್ ಬಿಂದು. ದೂಡಾಟ ನಿಂತು ಕಣಗಳು ಕೂಡಿಕೊಳ್ಳುತ್ತವೆ. ಹೆಪ್ಪು ಹಾಕಿದ ಹಾಲು ಮೊಸರಾಗಿ ಗಟ್ಟಿಯಾಗುವುದೂ ಹೀಗೇ. ಒಂದೊಂದು ಪ್ರೋಟೀನಿಗೆ ಒಂದೊಂದು ಬಿಂದು.

ಆದರೆ ಕಾಸುವಾಗ ಒಡೆಯಲು 4.6ರ ತನಕ ಇಳಿಯಬೇಕಿಲ್ಲ. ಸ್ವಲ್ಪ ಹುಳಿಯಾಗಿದ್ದರೂ ಸಾಕು, ಉಳಿದ ಕೆಲಸ ಬಿಸಿ ಮಾಡುತ್ತದೆ. ಅದಕ್ಕೇ ಮೂಸಿ ನೋಡಿದರೆ ಗೊತ್ತಾಗುವುದಿಲ್ಲ. ಪಾತ್ರೆಯಲ್ಲಿ ಹಳೇ ಹಾಲಿನ ಜಿಡ್ಡು ಉಳಿದಿದ್ದರೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವಂತೆ. ಅಂದಮೇಲೆ ಅವ್ವ ಬೈದದ್ದು ಪೂರಾ ಸುಳ್ಳೇನಲ್ಲ.