ಕಣ್ಣಿಲ್ಲದ ಮೈಕ್ರೋಸ್ಕೋಪು, ಮತ್ತು ನಾನು ಮಾಡಿದ ತಪ್ಪು ಲೆಕ್ಕ

ಮೊದಲಿಗೆ ಒಂದು ತಪ್ಪೊಪ್ಪಿಗೆ. ಹಿಂದಿನ ಎಪಿಸೋಡ್‌ನಲ್ಲಿ ಚಿನ್ನದ ನ್ಯಾನೋ ಕಣವೊಂದರ ಚಿತ್ರ ನೋಡಿ, ಇದರ ಗಾತ್ರ 20 ನ್ಯಾನೋಮೀಟರ್ ಅಂದುಬಿಟ್ಟೆ. ಕೇಳುಗರೊಬ್ಬರು ಮೆಸೇಜ್ ಹಾಕಿದ್ರು: "ಎತ್ತರ ನೋಡಿದ್ರಾ? ಬರೀ 5 ಇದೆ. ಗುಂಡಗಿರೋ ಕಣಕ್ಕೆ ಎತ್ತರ ಒಂದು, ಅಗಲ ಒಂದು ಹೇಗೆ?" ನಾನು ಬಿ.ಕಾಂ. ಓದಿದವನು. ಬ್ಯಾಲೆನ್ಸ್ ಶೀಟ್ ತಾಳೆಯಾಗದಿದ್ರೆ ನಿದ್ದೆ ಬರಲ್ಲ. ಕೂತು ಓದಿದೆ.

ಅದು ಕ್ಯಾಮೆರಾ ತೆಗೆದ ಚಿತ್ರ ಅಲ್ಲವೇ ಅಲ್ಲ. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಅಂದ್ರೆ ಎಎಫ್‌ಎಂ, ನೋಡೋದಿಲ್ಲ, ತಡಕುತ್ತೆ. ಕರೆಂಟ್ ಹೋದಾಗ ಶೆಲ್ಫ್ ಮೇಲೆ ಬೆಂಕಿಪೊಟ್ಟಣ ತಡಕ್ತೀವಲ್ಲ, ಹಾಗೆ. ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ಉದ್ದದ ಪುಟ್ಟ ಪಟ್ಟಿ, ಅದರ ತುದಿಯಲ್ಲಿ ಚೂಪಾದ ಮೊನೆ. ಮೇಲ್ಮೈ ಹತ್ತಿರ ಹೋದಾಗ ಪರಮಾಣುಗಳ ಸೆಳೆತ, ತಳ್ಳಾಟಕ್ಕೆ ಪಟ್ಟಿ ಬಾಗುತ್ತೆ. ಪಟ್ಟಿಯ ಬೆನ್ನಿಗೆ ಬಡಿದು ವಾಪಸ್ ಬರೋ ಲೇಸರ್ ಕಿರಣ ಎಷ್ಟು ಜರುಗಿತು ಅಂತ ಡಿಟೆಕ್ಟರ್ ಗುರುತಿಸುತ್ತೆ. ಹೀಗೆ ಸಾಲುಸಾಲಾಗಿ ಅಳೆದ ಎತ್ತರಗಳಿಗೆ ಕಂಪ್ಯೂಟರ್ ಬಣ್ಣ ಹಚ್ಚುತ್ತೆ.

1986ರಲ್ಲಿ ಇದನ್ನ ಪ್ರಕಟಿಸಿದವರು ಗರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗರ್ಬರ್. ಬಿನ್ನಿಗ್ ಅದಕ್ಕೂ ಮೊದಲು ಮಾಡಿದ್ದ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್‌ಗೆ ವಿದ್ಯುತ್ ಹರಿಯೋ ವಸ್ತುವೇ ಬೇಕಿತ್ತು. ಇದಕ್ಕೆ ಗಾಜು, ಪ್ಲಾಸ್ಟಿಕ್, ನೀರಲ್ಲಿರೋ ಜೀವಕೋಶವೂ ನಡೆಯುತ್ತೆ. ಮೊದಲ ಉಪಕರಣದ ಪಟ್ಟಿ ಚಿನ್ನದ ತೆಳು ಹಾಳೆ, ಮೊನೆ ವಜ್ರದ ಚೂರು. ಒಡವೆ ಅಂಗಡಿ ಸಾಮಾನಿನ ಥರ!

ಈಗ ನನ್ನ ತಪ್ಪಿಗೆ ಬರೋಣ. ಮೊನೆ ಎಷ್ಟೇ ಚೂಪಾದ್ರೂ ಅದಕ್ಕೂ ದಪ್ಪ ಇದೆ. ಸಾಮಾನ್ಯವಾಗಿ ಅದರ ತುದಿಯ ತ್ರಿಜ್ಯ 10 ನ್ಯಾನೋಮೀಟರ್ ಆಸುಪಾಸು. ಹಾಗಾಗಿ ಅದರ ಕೆಳತುದಿ ಕಣದ ಹತ್ತಿರ ಬರೋ ಮೊದಲೇ ಪಕ್ಕೆ ತಗುಲಿ ಮೇಲೇರೋಕೆ ಶುರು ಮಾಡುತ್ತೆ. ಆ ಕಡೆ ಇಳಿಯೋದೂ ತಡ. ಲೆಕ್ಕ ನೋಡಿ: ಮೊನೆಯ ತ್ರಿಜ್ಯ 10, ಕಣದ್ದು 2.5. ಗುಣಿಸಿದ್ರೆ 25, ವರ್ಗಮೂಲ 5, ಅದರ ನಾಲ್ಕು ಪಟ್ಟು 20. ನಾನು ಓದಿದ ಅಗಲ ಇದೇ! ಎತ್ತರಕ್ಕೆ ಈ ಕಾಟ ಇಲ್ಲ. ನೆತ್ತಿ ದಾಟುವಾಗ ಮೊನೆ ಏರೋದು ಸರಿಯಾಗಿ 5.

ಇದೇನು ಚಿಲ್ಲರೆ ವ್ಯತ್ಯಾಸ ಅಲ್ಲ. ವ್ಯಾಸ ನಾಲ್ಕು ಪಟ್ಟು ತಪ್ಪಿದ್ರೆ ಕಣದಲ್ಲಿರೋ ಚಿನ್ನದ ಲೆಕ್ಕ 64 ಪಟ್ಟು ತಪ್ಪುತ್ತೆ. ಇಂಥ ಸ್ಟಾಕ್ ರಿಜಿಸ್ಟರ್‌ಗೆ ಯಾವ ಆಡಿಟರ್ ಸಹಿ ಹಾಕ್ತಾರೆ?

ಆದ್ರೆ ಎತ್ತರವನ್ನೂ ಕಣ್ಣುಮುಚ್ಚಿ ನಂಬಬೇಡಿ. ವಸ್ತು ಮೆತ್ತಗಿದ್ರೆ ಮೊನೆ ಅದನ್ನ ಅದುಮುತ್ತೆ, ಎತ್ತರ ಕಮ್ಮಿ ಬರುತ್ತೆ. ಅದಕ್ಕೇ ಟ್ಯಾಪಿಂಗ್ ಮೋಡ್ ಅಂತಿದೆ, ಉಜ್ಜಿಕೊಂಡು ಹೋಗೋ ಬದಲು ಮೊನೆ ಮೆಲ್ಲಗೆ ತಟ್ಟಿ ತಟ್ಟಿ ಹೋಗುತ್ತೆ. ಇನ್ನು ಬೇಕಂತಲೇ ಒತ್ತಿ, ಎಷ್ಟು ಬಲಕ್ಕೆ ಎಷ್ಟು ತಗ್ಗಿತು ಅಂತ ನೋಡಿದ್ರೆ ವಸ್ತುವಿನ ಗಡಸುತನವೇ ಸಿಗುತ್ತೆ. ಅದು ಮುಂದಿನ ವಾರಕ್ಕೆ.

ಹಳೇ ಎಪಿಸೋಡ್ ಡಿಲೀಟ್ ಮಾಡಿಲ್ಲ. ಶುರುವಲ್ಲೇ ತಿದ್ದುಪಡಿ ಸೇರಿಸಿದೀನಿ, ಮೆಸೇಜ್ ಹಾಕಿದವರಿಗೆ ಥ್ಯಾಂಕ್ಸ್ ಕೂಡ.