ಅತಿಥಿಯ ಮಂಚದ ಬದಿಗೆ ಒಂದು ಕಿರುಮೇಜು

ನಮ್ಮ ಶಾಲೆಯ ಅತಿಥಿಕೋಣೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಎರಡು ಮಂಚಗಳನ್ನಿರಿಸಿದರೆ ನಡುವೆ ಒಬ್ಬರು ನಡೆಯುವಷ್ಟೇ ಎಡೆ. ಕಾಸರಗೋಡಿನ ಈ ಮೂಲೆಗೆ ಮಕ್ಕಳಿಗೆ ನಾಲ್ಕು ಮಾತು ಕನ್ನಡದಲ್ಲಿ ಹೇಳಲೆಂದು ದೂರದಿಂದ ಬರುವ ಹಿರಿಯರು ರಾತ್ರಿ ತಂಗುವುದು ಅಲ್ಲಿಯೇ. ಕಳೆದ ಮಳೆಗಾಲದಲ್ಲಿ ಹಾಗೆ ಬಂದಿದ್ದ ನಿವೃತ್ತ ಅಧ್ಯಾಪಕರೊಬ್ಬರು ಕನ್ನಡಕವನ್ನು ನೆಲದ ಮೇಲಿರಿಸಿ ಮಲಗಿದರು. ನಡುರಾತ್ರಿಯಲ್ಲಿ ದೀಪ ಹೋಯಿತು; ಎದ್ದಾಗ ಕನ್ನಡಕವು ಕಾಲಡಿಗೆ ಸಿಕ್ಕಿ ಒಡೆಯಿತು. ಮರುದಿನ ಅವರು ಪುಸ್ತಕವನ್ನು ತೆರೆಯದೆ, ನೆನಪಿನಿಂದಲೇ ಪಾಠ ಹೇಳಿದರು. ನಮ್ಮನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಆದುದರಿಂದಲೇ ನಮಗೆ ಹೆಚ್ಚು ನಾಚಿಕೆಯಾಯಿತು.

ಮೇಜನ್ನು ಕೊಳ್ಳುವಷ್ಟು ಹಣವಿರಲಿಲ್ಲ. ಕೈಗೆಲಸವೂ ವಿದ್ಯೆಯ ಅಂಗವೆಂದು ಗಾಂಧೀಜಿಯವರು ೧೯೩೭ರ ವಾರ್ಧಾ ಸಮ್ಮೇಲನದಲ್ಲಿ ಹೇಳಿದುದನ್ನು ನಾವು ಪಾಠದಲ್ಲಿ ಓದಿಸುತ್ತೇವೆ. ಈ ಸಲ ಮಾಡಿಯೂ ನೋಡೋಣವೆಂದು ನಿಶ್ಚಯಿಸಿದೆವು. ಮಾಡಿದ ಬಗೆಯನ್ನು ಇಲ್ಲಿ ವಿವರಿಸಿದರೆ ಮನೆಯಲ್ಲಿ ಚಿಕ್ಕ ಕೋಣೆಯುಳ್ಳವರಿಗೂ ಪ್ರಯೋಜನವಾದೀತು.

ಮೊದಲು ಮರದ ವಿಚಾರ. ನಮ್ಮ ಕಡೆ ಹಳೆಯ ಹಂಚಿನ ಮನೆಗಳನ್ನು ಕೆಡವಿ ತಾರಸಿ ಮನೆಗಳನ್ನು ಕಟ್ಟಿಸುವವರು ಬಹಳ. ಅಲ್ಲಿ ರಾಶಿ ಬೀಳುವ ಪಕ್ಕಾಸು, ರೀಪುಗಳು ಹಲವು ವರ್ಷಗಳ ಮಳೆ ಬಿಸಿಲು ಕಂಡು ಚೆನ್ನಾಗಿ ಒಣಗಿದವು; ಹೊಸ ಮರದಂತೆ ಸುಲಭವಾಗಿ ಸೊಟ್ಟಗಾಗವು. ಹಲಗೆಗೆ ಮರದ ಮಿಲ್ಲಿನಲ್ಲಿ ಉಳಿಯುವ ಹಲಸಿನ ತುಂಡುಗಳು ಸಾಕು. ಮಾವು ಅಗ್ಗವಾದರೂ ಹುಳು ಬೇಗ ಹಿಡಿಯುವುದು. ಹಳೆಯ ಮರದಲ್ಲಿ ಅಡಗಿರುವ ಮೊಳೆಗಳನ್ನೆಲ್ಲ ಕಿತ್ತ ಮೇಲೆಯೇ ಗರಗಸ, ಕೀಸುಳಿಗಳನ್ನು ತಾಗಿಸಬೇಕು.

ಇನ್ನು ಅಳತೆ. ಮೇಜಿನ ಎತ್ತರವನ್ನು ಮಂಚವೇ ನಿಶ್ಚಯಿಸಬೇಕು: ಹಾಸಿಗೆಯ ಮಟ್ಟಕ್ಕೆ ಸಮವಾಗಿಯೋ, ಒಂದೆರಡು ಅಂಗುಲ ಮೇಲಾಗಿಯೋ ಇದ್ದರೆ ಮಲಗಿದವರ ಕೈಗೆ ಎಟಕುವುದು. ನಮ್ಮದು ೨೦ ಅಂಗುಲ. ಮೇಲ್ಹಲಗೆ ೧೪ ಅಂಗುಲ ಉದ್ದ, ೧೨ ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪ. ಕಾಲುಗಳು ಒಂದೂವರೆ ಅಂಗುಲ ಚೌಕದವು, ಉದ್ದ ೧೯ಕಾಲು ಅಂಗುಲ. ಸುತ್ತಿನ ಪಟ್ಟಿಗಳು ಮೂರು ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪ. ಎರಡು ೧೨ ಅಂಗುಲ ಉದ್ದದವು, ಎರಡು ಎಂಟೂವರೆ ಅಂಗುಲದವು. ಗಿಡ್ಡ ಪಟ್ಟಿಗಳು ಉದ್ದ ಪಟ್ಟಿಗಳ ನಡುವೆ ಕೂತು ಚೌಕಟ್ಟಾಗುವುವು. ಅದರ ಒಳಮೂಲೆಗಳಲ್ಲಿ ಕಾಲುಗಳು ನಿಲ್ಲುವುವು.

ಒಂದೂವರೆ ಅಂಗುಲದ ತಿರುಪುಮೊಳೆ ೨೮ ಇದ್ದರೆ ಒಂದು ಮೇಜಿಗೆ ಸಾಕು. ಬೈರಿಗೆಯಿಂದ ಮೊದಲು ಸಣ್ಣ ತೂತು ಕೊರೆದು, ಮೊಳೆಗೆ ತುಸು ಸಾಬೂನು ಸವರಿ ತಿರುಪಿದರೆ ಮರ ಸೀಳದು. ಪಟ್ಟಿಯ ಒಂದೊಂದು ತುದಿಗೆ ಎರಡು ಮೊಳೆ. ಆದರೆ ಒಂದೇ ಕಾಲಿಗೆ ಎರಡು ಬದಿಗಳಿಂದ ಬರುವ ಮೊಳೆಗಳು ಒಂದೇ ಎತ್ತರದಲ್ಲಿರಕೂಡದು. ಇದ್ದರೆ ಮರದೊಳಗೆ ಒಂದನ್ನೊಂದು ತಡೆಯುವುವು. ಈ ಪಾಠವನ್ನು ನಾವು ಎರಡು ಕಾಲು ಕೆಡಿಸಿ ಕಲಿತೆವು. ಚೌಕಟ್ಟಿನ ಎದುರುಬದುರು ಮೂಲೆಗಳ ನಡುವಿನ ಎರಡು ಅಳತೆಗಳೂ ಸಮವಾಗಿ ಬಂದರೆ ಮೂಲೆಗಳು ನೆಟ್ಟಗಿವೆಯೆಂದು ತಿಳಿಯಬೇಕು.

ನೆಲದಿಂದ ಆರು ಅಂಗುಲ ಮೇಲೆ ಎರಡೆರಡು ಕಾಲುಗಳನ್ನು ಕೂಡಿಸುವಂತೆ ಒಳಮೈಗೆ ಎಂಟೂವರೆ ಅಂಗುಲದ ಒಂದೊಂದು ರೀಪು ತಿರುಪಿ, ಅವುಗಳ ಮೇಲೆ ಹತ್ತೂವರೆ ಅಂಗುಲ ಉದ್ದ, ಎಂಟೂವರೆ ಅಂಗುಲ ಅಗಲದ ಹಲಗೆಯನ್ನಿಡಬೇಕು. ಕಾಲುಗಳಿಗೆ ಎಡೆಯಾಗಲು ಅದರ ನಾಲ್ಕು ಮೂಲೆಗಳನ್ನೂ ಒಂದೂವರೆ ಅಂಗುಲ ಚೌಕವಾಗಿ ಕತ್ತರಿಸಬೇಕು. ಪುಸ್ತಕ, ತಂಬಿಗೆಗಳಿಗೆ ಅದೇ ತಾಣ.

ಮೇಲ್ಹಲಗೆಯಲ್ಲಿ ಜಾಣ್ಮೆ ಬೇಕು. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ನಮ್ಮದು. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಉಬ್ಬುವುದು, ಬೇಸಗೆಯಲ್ಲಿ ಕುಗ್ಗುವುದು. ಉದ್ದಕ್ಕೆ ಹೆಚ್ಚೇನೂ ಬದಲಾಗದು. ಅಂಟು ಹಾಕಿ ಬಿಗಿದರೆ ಬಿರುಕು ಬರುವುದು ಖಂಡಿತ. ಆದುದರಿಂದ ಆರಾರು ಅಂಗುಲದ ಎರಡು ಹಲಗೆಗಳನ್ನು, ನಡುವೆ ದಪ್ಪ ಕಾಗದ ತೂರುವಷ್ಟು ಸಂದು ಬಿಟ್ಟು ಜೋಡಿಸಿದೆವು. ಗಿಡ್ಡ ಪಟ್ಟಿಗಳ ಒಳಬದಿಗೆ ಒಂದು ಅಂಗುಲ ದಪ್ಪದ ರೀಪಿನ ತುಂಡುಗಳನ್ನು ಬಿಗಿದು, ಅವುಗಳ ಮೂಲಕ ಕೆಳಗಿನಿಂದ ಒಂದೊಂದು ಹಲಗೆಗೆ ಎರಡು ಮೊಳೆಗಳನ್ನು ತಿರುಪಿದೆವು. ರೀಪಿನ ತೂತು ಮೊಳೆಗಿಂತ ತುಸು ಅಗಲವಾಗಿದ್ದರೆ ಹಲಗೆ ತನ್ನಷ್ಟಕ್ಕೆ ಅಲುಗಾಡಿಕೊಳ್ಳುವುದು. ರೀಪು ಇದಕ್ಕಿಂತ ತೆಳುವಾದರೆ ಮೊಳೆಯ ತುದಿ ಮೇಲೆ ಇಣುಕೀತು.

ಅಂಚುಗಳನ್ನು ಮರಳುಕಾಗದದಿಂದ ಉಜ್ಜಿ ಮೊಂಡು ಮಾಡಬೇಕು. ಕತ್ತಲೆಯಲ್ಲಿ ಮೊಣಕಾಲು ತಾಗುವುದು ಅಲ್ಲಿಯೇ. ಕಾಲುಗಳ ಬುಡಕ್ಕೆ ಗೆದ್ದಲು ಬಾರದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದೆವು. ಅದು ಚರ್ಮವನ್ನು ಸುಡುವುದಾದ್ದರಿಂದ ಮಕ್ಕಳ ಕೈಗೆ ಕೊಡದೆ ಹಿರಿಯರೇ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆಯೇ ಕೋಣೆಗೆ ತರಬೇಕು. ಉಳಿದ ಭಾಗಕ್ಕೆ ಎರಡು ಸಲ ವಾರ್ನಿಷು ಬಳಿದರಾಯಿತು. ನಾವು ಹಣ ತೆತ್ತುದು ತಿರುಪುಮೊಳೆ, ಮರಳುಕಾಗದ, ವಾರ್ನಿಷುಗಳಿಗೆ ಮಾತ್ರ. ಮರವನ್ನು ಊರವರು ಪ್ರೀತಿಯಿಂದ ಕೊಟ್ಟರು.

ಈ ವರ್ಷ ಆ ಅಧ್ಯಾಪಕರು ಪುನಃ ಬಂದಿದ್ದರು. ಬೆಳಗ್ಗೆ ಚಹಾ ಕೊಡಲು ಹೋದಾಗ ಕನ್ನಡಕವು ಮೇಜಿನ ಮೇಲೆ, ಮಡಚಿದ ಕರವಸ್ತ್ರದ ಮೇಲಿತ್ತು. “ಇದನ್ನು ಮಾಡಿದವರು ಯಾರು?” ಎಂದು ಕೇಳಿದರು. ಎಂಟನೆಯ ತರಗತಿಯ ಮಕ್ಕಳೆಂದು ಹೇಳಿದೆವು. ಅಂದು ಅವರು ಆ ತರಗತಿಗೆ ಒಂದು ಗಂಟೆ ಹೆಚ್ಚು ಪಾಠ ಹೇಳಿದರು.