ಅಳಿಯನ ಮೊದಲ ಬಂದೂಕು

ಶಿಡ್ಲಘಟ್ಟದ ಕಡೆ ಜಾತ್ರೆ ಎಂದರೆ ಬಲೂನಿಗೆ ಗುರಿಯಿಡುವ ಅಂಗಡಿ ಇರಲೇಬೇಕು. ಹನ್ನೆರಡು ತುಂಬಿದ ನನ್ನ ಅಕ್ಕನ ಮಗ ಈ ಸಲ ಹತ್ತರಲ್ಲಿ ಆರು ಬಲೂನು ಒಡೆದ. ಮನೆ ಸೇರುವ ಮೊದಲೇ ರಾಗ ಶುರು: “ಮಾವ, ನಂಗೊಂದು ಬಂದೂಕ ಕೊಡ್ಸು. ಕಾಡಹಂದಿ ಹೊಡೀತೀನಿ.”

ಹಂದಿಯ ಮಾತು ಅಲ್ಲೇ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಶೋಕಿಗೆ ಜಾಗವಿಲ್ಲ. ಹೊಲ ಕಾಯಲು ಲೈಸೆನ್ಸ್ ಪಡೆದ ಕೋವಿಗಳೂ ಚುನಾವಣೆ ಬಂದರೆ ಠಾಣೆ ಸೇರುತ್ತವೆ. ಆದರೆ ಶಿಕಾರಿ ಹೋದರೂ ಗುರಿಯ ವಿದ್ಯೆ ಉಳಿದಿದೆ. ಕೊಡಗಿನವರು ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ, ಆಮೇಲೆ ಎತ್ತರದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ನಮ್ಮ ಹುಡುಗನಿಗೆ ತೆಂಗಿನಕಾಯಿಯ ಬದಲು ಹತ್ತು ಮೀಟರ್ ದೂರದ ಕಾಗದ. ಸ್ಪರ್ಧೆಯ ಕಾಗದದಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ರಾಗಿಕಾಳಿಗಿಂತ ಸಣ್ಣದು. 2008ರಲ್ಲಿ ಬೀಜಿಂಗ್‌ನ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ.

ಇದಕ್ಕೆ ಬೇಕಾದದ್ದು 4.5 ಮಿಲಿಮೀಟರ್ ನಳಿಕೆಯ ಏರ್ ರೈಫಲ್. ಅಂಗಡಿಯವನು ದುರ್ಬೀನು ಹಚ್ಚಿದ ಭಾರಿ ಸ್ಪ್ರಿಂಗಿನದನ್ನೇ ಮುಂದಿಟ್ಟು “ದೊಡ್ಡವನಾದ ಮೇಲೂ ಬರುತ್ತೆ ಸಾರ್” ಎಂದ. ಅದೇನು ಶಾಲೆಯ ಸಮವಸ್ತ್ರವೇ, ಸಡಿಲ ಹೊಲಿಸಲು!

ಅಳತೆ ನೋಡುವ ಬಗೆ ಸರಳ. ಮೊಣಕೈ ಮಡಿಸಿ, ಬಂದೂಕಿನ ಹಿಂಬದಿಯನ್ನು ಆ ಮಡಿಕೆಗೆ ಆನಿಸಿ ಹಿಡಿಕೆ ಹಿಡಿಯಬೇಕು. ತೋರುಬೆರಳ ತುದಿಯ ಮೆತ್ತೆ ಟ್ರಿಗರ್ ಮೇಲೆ ನೆಮ್ಮದಿಯಾಗಿ ಕೂತರೆ ಅಳತೆ ಸರಿ. ಉದ್ದ ಹೆಚ್ಚಾದರೆ ಮಗು ಹೊಟ್ಟೆ ಮುಂದೆ ಮಾಡಿ ಹಿಂದಕ್ಕೆ ವಾಲುತ್ತದೆ. ಇನ್ನು ನಳಿಕೆ ಬಾಗಿಸಿ ಸ್ಪ್ರಿಂಗ್ ಏರಿಸುವ ಕಷ್ಟ: ಹತ್ತು ಸಲ ಬಾಗಿಸಿ ತೋಳು ನಡುಗಿದರೆ ಹನ್ನೊಂದನೆಯ ಗುರಿ ಸುಳ್ಳು.

ನನಗೆ ಬಹಳ ಹಿಡಿಸಿದ್ದು ಕಣ್ಣಿನ ಪರೀಕ್ಷೆ. ಎರಡೂ ಅಂಗೈ ಚಾಚಿ, ನಡುವೆ ಸಣ್ಣ ಕಿಂಡಿ ಬಿಟ್ಟು, ಗೋಡೆಯ ಕ್ಯಾಲೆಂಡರಿನ ಒಂದು ಅಂಕಿ ನೋಡಿಸಿದೆ. ಎಡಗಣ್ಣು ಮುಚ್ಚಿದ, ಅಂಕಿ ಮಾಯ. ಬಲಗಣ್ಣು ಮುಚ್ಚಿದ, ಅಂಕಿ ಅಲ್ಲೇ. ಬಲಗೈಯಲ್ಲಿ ಉಣ್ಣುವ ಹುಡುಗನಿಗೆ ಎಡಗಣ್ಣೇ ಯಜಮಾನ! ಆದ್ದರಿಂದ ಎಡಭುಜಕ್ಕೂ ಒಗ್ಗುವ, ಕೆನ್ನೆ ಆನಿಸುವ ಉಬ್ಬು ಎರಡೂ ಬದಿಗೆ ಸಮನಾಗಿದ್ದ ಹಗುರವಾದದ್ದನ್ನು ಆರಿಸಿದೆವು. ದುರ್ಬೀನು ಬೇಡ, ಬರಿಗಣ್ಣಿನ ಗುರಿಯೇ ಸಾಕು. ಗುಂಡುಗಳು ಚಪ್ಪಟೆ ಮೂತಿಯವು, ಕಾಗದಕ್ಕೆ ದುಂಡನೆಯ ತೂತು ಕೊರೆಯುತ್ತವೆ.

ಟ್ರಿಗರ್ ಪಾಠ ಮಾತ್ರ ನನ್ನಿಂದಾಗಲಿಲ್ಲ. ಅವನು ಜಗ್ಗುತ್ತಿದ್ದ, ಗುಂಡು ಕೆಳಗೆ ಬೀಳುತ್ತಿತ್ತು. ಅಕ್ಕನ ಮನೆಯದು ರೇಷ್ಮೆ ರೀಲಿಂಗ್ ಕಸುಬು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ, ತುಂಡಾಗದಂತೆ ಬಿಡಿಸುವ ಬೆರಳು ಅವಳದು. ಪಕ್ಕ ನಿಂತು ನೋಡಿದವಳು, “ಯಾಕೋ ಹಂಗೆ ಜಗ್ತೀಯ? ಎಳೆ ಬಿಡಿಸೋ ಹಂಗೆ ಮೆಲ್ಲಗೆ ಬಾ” ಎಂದಳು. ಮೊದಲು ಸಡಿಲ, ಆಮೇಲೆ ಒಂದು ತಡೆ, ಆ ತಡೆಯ ಮೇಲೆ ಮೆಲ್ಲನೆ ಒತ್ತಡ. ಮೂರನೆಯ ಗುಂಡು ಕಪ್ಪು ವೃತ್ತದೊಳಗೆ ಕೂತಿತು.

ಗುರಿಯ ಹಿಂದೆ ಮಣ್ಣಿನ ದಿಬ್ಬ, ಪಕ್ಕದಲ್ಲಿ ದೊಡ್ಡವರೊಬ್ಬರು, ಮುಗಿದ ಮೇಲೆ ಸೀಸ ಮುಟ್ಟಿದ ಕೈಗೆ ಸೋಪು. ಬಂದೂಕು ಬೀರುವಿನಲ್ಲಿದೆ, ಬೀಗದ ಕೈ ಅಕ್ಕನ ಸೊಂಟದಲ್ಲಿದೆ.